ಕಾರ್ಬುರೇಟರ್‌ಗೆ ಕೊನೆಗೆ ಕೈ ಹಾಕಿ

(ಹಳೆ ಕಾರು ಇಟ್ಟುಕೊಂಡವರು ತೀರ್ಥಹಳ್ಳಿಯಲ್ಲಿ ಒಂದು ಭಾನುವಾರ ಸೇರಿದ್ದಾಗ ಆಡಿದ ಮಾತು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಅಡಿಕೆ ತೋಟ ನೋಡಿಕೊಂಡು ಇರುವವನು. ಅಪ್ಪನ ಪ್ರೀಮಿಯರ್ ಪದ್ಮಿನಿ ಒಂಬತ್ತು ವರ್ಷ ನಮ್ಮ ಕೊಟ್ಟಿಗೆಯಲ್ಲಿ ನಿಂತಿತ್ತು. ಮೇಲೆ ಖಾಲಿ ಗೋಣಿಚೀಲ, ಕೆಳಗೆ ಕೋಳಿ. ಅದನ್ನು ಮನೆಯಲ್ಲೇ ಮತ್ತೆ ಓಡುವ ಹಾಗೆ ಮಾಡಿದೆ. ಅಷ್ಟಕ್ಕೇ ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ.

ಸ್ಟಾರ್ಟ್ ಆಗುವುದು ದೊಡ್ಡ ವಿಷಯವೇ ಅಲ್ಲ. ಒಳ್ಳೆ ಬ್ಯಾಟರಿ ಕಟ್ಟಿ, ಎರಡು ಚಮಚ ಪೆಟ್ರೋಲ್ ಹಾಕಿ ತಿರುಗಿಸಿದರೆ ಬಹಳಷ್ಟು ಹಳೆ ಕಾರು ಒಂದು ಸಲ ಕೆಮ್ಮಿ ಎದ್ದೇಳುತ್ತವೆ. ವಿಡಿಯೋ ತೆಗೆದು ಸ್ಟೇಟಸ್‌ಗೆ ಹಾಕಬಹುದು. ಆದರೆ ಮನೆಯವಳು ತಾನಾಗಿ "ಶಿವಮೊಗ್ಗಕ್ಕೆ ಇದರಲ್ಲೇ ಹೋಗೋಣ" ಅಂತ ಹೇಳಿದ ದಿನ ಕಾರು ಸರಿಯಾಯಿತು ಅಂತ ಲೆಕ್ಕ. ನಮ್ಮಲ್ಲಿ ಆ ದಿನ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಐದು ತಿಂಗಳು ನಾನು ಕಾರ್ಬುರೇಟರ್, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ, ಅದನ್ನು ಬಿಚ್ಚುವುದು, ಹಾಕುವುದು ಇದರಲ್ಲೇ ಕಳೆದೆ. ಪಾಪ, ಅದರದ್ದು ಏನೂ ತಪ್ಪಿರಲಿಲ್ಲ.

ಆಗಿದ್ದು ಇಷ್ಟು. ಕಾರು ಅರ್ಧ ಗಂಟೆ ಚೆನ್ನಾಗಿ ಓಡುತ್ತಿತ್ತು. ಆಮೇಲೆ ಎಳೆತ ಕಡಿಮೆಯಾಗಿ, ಎರಡು ಸಲ ಜೋಲಿ ಹೊಡೆದು ನಿಂತುಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು. ಶಿವಮೊಗ್ಗಕ್ಕೆ ಹೊರಟರೆ ಸರಿಯಾಗಿ ಮಂಡಗದ್ದೆ ಹತ್ತಿರ ನಿಲ್ಲುತ್ತಿತ್ತು. ಆ ಮಳೆಗಾಲ ಮಂಡಗದ್ದೆಯ ಹಕ್ಕಿಗಳನ್ನು ನನ್ನಷ್ಟು ನೋಡಿದವರು ಯಾರೂ ಇರಲಿಕ್ಕಿಲ್ಲ. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಕಾರ್ಬುರೇಟರ್ ಕಸ." ಒಬ್ಬ ಮೆಕ್ಯಾನಿಕ್ ಅದಕ್ಕೆ ಕಿಟ್ ಹಾಕಿದ. ಇನ್ನೊಬ್ಬ ಆ ಕಿಟ್ ಸರಿ ಇಲ್ಲ ಅಂತ ಬೇರೆ ಕಿಟ್ ಹಾಕಿದ. ನಾನೂ ಸುಮ್ಮನಿರದೆ ಭಾನುವಾರಕ್ಕೊಮ್ಮೆ ಬಿಚ್ಚಿ ಊದಿದೆ.

ಕೊನೆಗೆ ಕಂಡುಹಿಡಿದದ್ದು ಬಂಕಿನ ಹುಡುಗ. ಮುಚ್ಚಳ ತಿರುಗಿಸಿದ ಕೂಡಲೇ 'ಉಸ್' ಅಂತ ಗಾಳಿ ಒಳಗೆ ಎಳೆದುಕೊಂಡಿತು. "ಸಾರ್, ನಿಮ್ಮ ಟ್ಯಾಂಕಿಗೆ ಉಸಿರು ಕಟ್ಟಿದೆ" ಅಂದ. ನೋಡಿದರೆ ಟ್ಯಾಂಕಿನ ಗಾಳಿ ಕೊಳವೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ! ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಒಳಗೆ ನಿರ್ವಾತವಾಗುತ್ತದೆ, ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಹತ್ತು ನಿಮಿಷ ನಿಂತರೆ ಗಾಳಿ ಎಲ್ಲೋ ಒಂಚೂರು ಸಂದಿಯಿಂದ ನುಸುಳಿ ಸರಿಹೋಗುತ್ತಿತ್ತು. ಸೈಕಲ್ಲಿನ ಹಳೆ ಕಡ್ಡಿಯಿಂದ ಗೂಡು ಕೆದಕಿ ತೆಗೆದೆ. ಖರ್ಚು ಸೊನ್ನೆ.

ಅವತ್ತಿನಿಂದ ನನ್ನ ನಿಯಮ ಇದು. ಕಾರ್ಬುರೇಟರ್‌ಗೆ ಕೊನೆಗೆ ಕೈ ಹಾಕಬೇಕು. ಅದಕ್ಕೂ ಮುಂಚೆ ನೋಡಬೇಕಾದ್ದು ಬೇಕಾದಷ್ಟಿದೆ.

ಎಲ್ಲಕ್ಕಿಂತ ಮೊದಲು ಬ್ರೇಕ್. ನಗಬೇಡಿ, ಎಂಜಿನ್ ಎದ್ದ ಖುಷಿಯಲ್ಲಿ ಗೇಟಿನವರೆಗೆ ಹೋಗಿಬರೋಣ ಅಂತ ಹೊರಟವರು ತೋಟದ ಕಪ್ಪಿನಲ್ಲಿ, ಅಂದರೆ ಬಸಿಗಾಲುವೆಯಲ್ಲಿ, ಇಳಿದದ್ದು ನನಗೆ ಗೊತ್ತಿದೆ. ಅದು ನಾನೇ. ಪದ್ಮಿನಿಯ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ವರ್ಷಗಟ್ಟಲೆ ನಿಂತ ಕಾರಿನಲ್ಲಿ ವೀಲ್ ಸಿಲಿಂಡರ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ರಬ್ಬರ್ ಕಪ್, ಹೋಸ್, ಆಯಿಲ್ ಎಲ್ಲ ಹೊಸದು ಹಾಕಿ. ಇದರ ಬಗ್ಗೆ ಜಾಸ್ತಿ ಮಾತು ಬೇಡ.

ಆಮೇಲೆ ಎಂಜಿನ್ ಕೈಯಲ್ಲಿ ತಿರುಗುತ್ತದಾ ನೋಡಿ. ಪ್ಲಗ್ ನಾಲ್ಕೂ ತೆಗೆದು, ಒಂದೊಂದು ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಟಾಪ್ ಗೇರಿಗೆ ಹಾಕಿ ಕಾರನ್ನು ಮೆಲ್ಲಗೆ ತಳ್ಳಿ. ತಿರುಗಿದರೆ ಅರ್ಧ ಗೆದ್ದಂತೆ. ಆಯಿಲ್ ಬದಲಿಸುವ ಮುಂಚೆ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಪಂಪಿನ ಡಯಾಫ್ರಂ (ಒಳಗಿನ ರಬ್ಬರ್ ಪರದೆ) ಹರಿದಿರುವ ಸಾಧ್ಯತೆ ಇದೆ. ಹರಿದ ಡಯಾಫ್ರಂ ಪೆಟ್ರೋಲನ್ನು ಕೆಳಗೆ ಎಂಜಿನ್ ಆಯಿಲಿಗೆ ಬಿಡುತ್ತದೆ. ಏರ್ ಫಿಲ್ಟರ್ ಬಿಚ್ಚಿ. ನಮ್ಮದರಲ್ಲಿ ಇಲಿಯ ಸಂಸಾರವೇ ಇತ್ತು, ಅಡಿಕೆ ಸಿಪ್ಪೆಯ ಹಾಸಿಗೆ ಸಮೇತ.

ಈಗ ಕರೆಂಟಿಗೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ 'ಕಾರ್ಬುರೇಟರ್ ತೊಂದರೆ' ಅಂತ ಜನ ಹೇಳುವುದರಲ್ಲಿ ಹೆಚ್ಚಿನ ಪಾಲು ಕರೆಂಟಿನದೇ, ಅದರಲ್ಲೂ ಮಲೆನಾಡಿನಲ್ಲಿ.

ಒಂದೊಂದು ಪ್ಲಗ್ಗಿಗೆ ಸರದಿಯಂತೆ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರ್. ಪದ್ಮಿನಿಯ ಡಿಸ್ಟ್ರಿಬ್ಯೂಟರ್ ಒಳಗೆ ಒಂದು ಜೊತೆ ಪಾಯಿಂಟ್ ಇರುತ್ತದೆ, ತೆರೆದು ಮುಚ್ಚುವ ಸ್ವಿಚ್ಚಿನ ಹಾಗೆ. ಅದು ಮುಚ್ಚಿದಾಗ ಕಾಯಿಲಿನಲ್ಲಿ ಕರೆಂಟ್ ಹರಿಯುತ್ತದೆ. ತೆರೆದ ಕ್ಷಣ ಆ ಹರಿವು ಕಡಿದುಹೋಗಿ, ಕಾಯಿಲಿನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಆ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ. ನಾಣ್ಯದ ಅಂಚಿನಷ್ಟೂ ಇಲ್ಲದ ಸಂದಿ ಅದು, ಈ ಕಾರಿನಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಒಂಬತ್ತು ವರ್ಷದ ತೇವದಲ್ಲಿ ಅದರ ಮುಖದ ಮೇಲೆ ಪಾಚಿಯ ಹಾಗೆ ಒಂದು ಪದರ ಕೂತಿರುತ್ತದೆ. ನೀರುಕಾಗದದಲ್ಲಿ (ನಯವಾದ ಮರಳುಕಾಗದ) ಉಜ್ಜಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟು ಸಂದಿ ಸರಿ ಮಾಡಿ. ಪಾಯಿಂಟ್ ಬೇಗ ಬೇಗ ಸುಟ್ಟು ಗುಂಡಿ ಬೀಳುತ್ತಿದ್ದರೆ ಪಕ್ಕದ ಕಂಡೆನ್ಸರ್ ಕೆಟ್ಟಿದೆ ಅಂತ ತಿಳಿಯಿರಿ. ಬೆರಳಿನಷ್ಟು ಉದ್ದದ ಸಾಮಾನು, ಬಿಸಿಯಾದಾಗ ಮಾತ್ರ ಕೈಕೊಟ್ಟು, ತಣ್ಣಗಾದ ಮೇಲೆ ಸಭ್ಯಸ್ಥನ ಹಾಗೆ ನಟಿಸುತ್ತದೆ.

ಟೈಮಿಂಗ್, ಅಂದರೆ ಕಿಡಿ ಸರಿಯಾದ ಕ್ಷಣಕ್ಕೆ ಹಾರುತ್ತದಾ ಅಂತ, ನೋಡಲು ದೊಡ್ಡ ಯಂತ್ರ ಬೇಡ. ಒಂದು 12 ವೋಲ್ಟಿನ ಸಣ್ಣ ಬಲ್ಬ್ ಸಾಕು. ಒಂದು ವೈರ್ ಡಿಸ್ಟ್ರಿಬ್ಯೂಟರಿಗೆ ಕಾಯಿಲಿನಿಂದ ಸಣ್ಣ ವೈರ್ ಬರುವ ಜಾಗಕ್ಕೆ, ಇನ್ನೊಂದು ಬಾಡಿಗೆ. ಕೀ ಆನ್ ಮಾಡಿ ಎಂಜಿನ್ ಕೈಯಲ್ಲಿ ತಿರುಗಿಸಿದರೆ ಪಾಯಿಂಟ್ ತೆರೆದ ಕ್ಷಣಕ್ಕೆ ಬಲ್ಬ್ ಹತ್ತುತ್ತದೆ. ಪುಲ್ಲಿಯ ಗುರುತು ಅದೇ ಕ್ಷಣ ಕೈಪಿಡಿ ಹೇಳಿದ ಜಾಗದಲ್ಲಿ ಇರಬೇಕು, ಇಲ್ಲವಾದರೆ ಡಿಸ್ಟ್ರಿಬ್ಯೂಟರ್ ಕೂದಲೆಳೆಯಷ್ಟು ತಿರುಗಿಸಬೇಕು. ಪ್ಲಗ್ ವೈರ್ ಹಾಕುವಾಗ ಕ್ರಮ 1-3-4-2. ಇದನ್ನು ನಾನು ಬಾನೆಟ್ ಒಳಗೆ ಪೇಂಟಿನಲ್ಲಿ ಬರೆದಿಟ್ಟಿದ್ದೇನೆ. ಒಂದು ಸಲ 1-2-3-4 ಅಂತ ಹಾಕಿ ಸೈಲೆನ್ಸರಿನಲ್ಲಿ ಗರ್ನಾಲು ಸಿಡಿದ ಹಾಗಾಗಿ ಕೊಟ್ಟಿಗೆಯ ದನ ಹಗ್ಗ ಕಿತ್ತುಕೊಂಡು ಓಡಿದ್ದವು.

ಇನ್ನು ನಮ್ಮ ಮಳೆ. ಜುಲೈನಲ್ಲಿ ಬೆಳಿಗ್ಗೆ ಸ್ಟಾರ್ಟರ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ಕಿಡಿ ಪ್ಲಗ್ಗಿಗೆ ಹೋಗುವ ಬದಲು ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗಿನ ತೇವದ ಮೇಲೆ ಹರಿದುಬಿಡುತ್ತದೆ. ಮುಚ್ಚಳ ತೆಗೆದು ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಹಿಂದಿನವರು ಅದನ್ನು ಬಚ್ಚಲ ಒಲೆಯ ದಂಡೆಯಲ್ಲಿ ಬೆಚ್ಚಗೆ ಮಾಡಿ ತರುತ್ತಿದ್ದರು. ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಸಣ್ಣ ಕಪ್ಪು ಗೆರೆ ಕಂಡರೆ ಒರೆಸಿ ಪ್ರಯೋಜನವಿಲ್ಲ. ಕಿಡಿಗೆ ಅಲ್ಲಿ ಕಾಲುದಾರಿ ಬಿದ್ದುಬಿಟ್ಟಿದೆ. ಹೊಸದು ಹಾಕಿ.

ಇನ್ನೊಂದು, ಅರ್ತ್ ಪಟ್ಟಿ. ಎಂಜಿನ್ ಮತ್ತು ಬಾಡಿಯ ನಡುವೆ ಹೆಣೆದ ತಂತಿಯ ಪಟ್ಟಿ ಒಂದಿರುತ್ತದೆ. ಅದು ತುಕ್ಕು ಹಿಡಿದರೆ ಸ್ಟಾರ್ಟರಿನ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಚೋಕ್ ಕೇಬಲ್ ಮುಟ್ಟಿದರೆ ಬಿಸಿಯಾಗಿದೆಯಾ? ಹಾಗಾದರೆ ಕರೆಂಟ್ ಅದರ ಮೂಲಕ ಹೋಗುತ್ತಿದೆ. ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಆ ಪಟ್ಟಿಯ ಎರಡು ತುದಿ ಉಜ್ಜಿ ನೋಡಿ.

(ಹಿಂದಿನಿಂದ ಒಬ್ಬರು ಕೇಳಿದರು: ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಹಾಕಿಬಿಡಬಹುದಲ್ವಾ?)

ಹಾಕಬಹುದು. ಒಳ್ಳೆಯದೇ. ಸವೆಯುವುದಿಲ್ಲ, ಸಂದಿ ನೋಡುವ ರಗಳೆ ಇಲ್ಲ. ನಾನು ಹಾಕಿಲ್ಲ. ಗುಡ್ಡೇಕೇರಿ ಹತ್ತಿರ ರಾತ್ರಿ ಮಳೆಯಲ್ಲಿ ಪಾಯಿಂಟ್ ಕೆಟ್ಟರೆ ಬೆಂಕಿಪೊಟ್ಟಣದ ಮಗ್ಗುಲಿನಲ್ಲಿ ಉಜ್ಜಿಯಾದರೂ ಮನೆಗೆ ಬರುತ್ತೇನೆ. ಎಲೆಕ್ಟ್ರಾನಿಕ್ ಸತ್ತರೆ ಸತ್ತಂತೆ. ನೀವು ಹಾಕಿದರೂ ಹಳೆ ಪಾಯಿಂಟ್ ಪ್ಲೇಟನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.

ಈಗ ಪೆಟ್ರೋಲಿನ ದಾರಿ. ನಾವು ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಸುತ್ತೇವಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಸೋಸದೆ ಸುರಿದರೆ ಏನಾಗುತ್ತದೆ? ನಾಜಲ್ ಕಟ್ಟಿಕೊಳ್ಳುತ್ತದೆ. ಮರದ ಮೇಲಿರುವವ ಬೈಯುತ್ತಾ ನಾಜಲ್ ಬಿಚ್ಚಿ ಊದುತ್ತಾನೆ. ಐದು ನಿಮಿಷಕ್ಕೆ ಮತ್ತೆ ಕಟ್ಟುತ್ತದೆ. ಡ್ರಮ್ಮಿನಲ್ಲಿ ಇರುವುದು ಅದೇ ಸುಣ್ಣ ತಾನೇ? ಕಾರ್ಬುರೇಟರಿನ ಜೆಟ್ ಆ ನಾಜಲ್ ಇದ್ದ ಹಾಗೆ. ಟ್ಯಾಂಕಿನಲ್ಲಿ ತುಕ್ಕು ಇರುವವರೆಗೆ ಜೆಟ್ ತೊಳೆದು ಸುಖವಿಲ್ಲ.

ಹಾಗಾಗಿ ಟ್ಯಾಂಕ್ ಇಳಿಸಿ. ಹಳೆ ಪೆಟ್ರೋಲ್ ಅಂಟಾಗಿ, ವಾರ್ನಿಷ್ ವಾಸನೆ ಬರುತ್ತಿರುತ್ತದೆ. ಅದನ್ನು ಹೊಳೆಗೆ, ತೋಟಕ್ಕೆ ಚೆಲ್ಲಬೇಡಿ. ಟ್ಯಾಂಕ್ ತುಂಬಾ ಬಿಸಿನೀರು, ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಸಿಟ್ರಿಕ್ ಆಸಿಡ್. ಅಂಗಡಿಯಲ್ಲಿ ನಿಂಬೆಉಪ್ಪು ಅಂದರೆ ಕೊಡುತ್ತಾರೆ. ತಾಮ್ರದ ಹಂಡೆಗೆ ಹುಣಸೆಹುಳಿ ತಿಕ್ಕುವುದು, ಟ್ಯಾಂಕಿಗೆ ಇದು, ಕೆಲಸ ಒಂದೇ ಜಾತಿಯದು. ಒಂದು ದಿನ ಬಿಟ್ಟು, ಹಿಡಿ ಜಲ್ಲಿ ಹಾಕಿ ಅಲ್ಲಾಡಿಸಿ, ಚೆಲ್ಲಿ, ಅಡುಗೆ ಸೋಡಾದ ನೀರಿನಲ್ಲಿ ತೊಳೆದು ಕೂಡಲೇ ಒಣಗಿಸಬೇಕು. 'ಕೂಡಲೇ' ಅನ್ನುವ ಮಾತು ಮುಖ್ಯ. ನಾನು ಮೊದಲ ಸಲ ಇದನ್ನು ಆಗಸ್ಟಿನಲ್ಲಿ ಮಾಡಿದೆ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಟ್ಯಾಂಕ್ ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಈ ಕೆಲಸ ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳಿ, ಅಂಗಳದಲ್ಲಿ ಅಡಿಕೆ ಒಣಗುವ ಹೊತ್ತಿಗೆ.

ಒಂದು ಎಚ್ಚರಿಕೆ. ಮಲೆನಾಡಿನ ಮನೆಯಲ್ಲಿ ಕೊಟ್ಟಿಗೆಗೂ ಬಚ್ಚಲ ಒಲೆಗೂ ಹತ್ತು ಮಾರು ದೂರ ಇದ್ದರೆ ಹೆಚ್ಚು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ತೆವಳಿಕೊಂಡು ಹೋಗುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಒಳಗೆ ಪೂರ್ತಿ ಆವಿ ಮತ್ತು ಗಾಳಿ. ಟ್ಯಾಂಕ್ ಕೆಲಸದ ದಿನ ತಣ್ಣೀರು ಸ್ನಾನ ಮಾಡಿ, ಒಲೆ ಹಚ್ಚಬೇಡಿ. ತೂತಾದ ಟ್ಯಾಂಕಿಗೆ ನೀವೇ ವೆಲ್ಡಿಂಗ್ ಮಾಡಲು ಹೋಗಲೇಬೇಡಿ.

ಪೆಟ್ರೋಲ್ ಅಂದಮೇಲೆ ಎಥನಾಲ್ ಮಾತು ಬಂದೇ ಬರುತ್ತದೆ. ನೂರಕ್ಕೆ 20 ಎಥನಾಲ್ ಬೆರೆಸಿದ ಇ-20 ಪೆಟ್ರೋಲಿಗೆ ನಮ್ಮ ದೇಶದಲ್ಲಿ ಚಾಲನೆ ಕೊಟ್ಟದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ. ನಮ್ಮ ಕಾರುಗಳು ಹುಟ್ಟಿದಾಗ ಅದರ ಕನಸೂ ಇರಲಿಲ್ಲ. ಬಯ್ದು ಪ್ರಯೋಜನವಿಲ್ಲ, ಅದು ಏನು ಮಾಡುತ್ತದೆ ಅಂತ ತಿಳಿದಿರಬೇಕು. ಹಳೆ ರಬ್ಬರ್ ಹೋಸನ್ನು ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಪಂಪಿನ ಡಯಾಫ್ರಮ್ಮಿಗೂ ಅದೇ ಗತಿ. ಎಥನಾಲ್ ತಡೆಯುವ ಹೋಸ್ ಸಿಗುತ್ತದೆ, ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಎಲ್ಲ ಬದಲಿಸಿ. ಎರಡನೆಯದು, ಅದು ನೀರು ಹೀರುತ್ತದೆ. ಮಿತಿ ಮೀರಿದರೆ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ, ಪಂಪ್ ಎಳೆಯುವುದು ತಳದಿಂದಲೇ. ಮಳೆಗಾಲದಲ್ಲಿ ಕಾರು ನಿಲ್ಲಿಸುವುದಾದರೆ ಅರ್ಧ ಟ್ಯಾಂಕ್ ಬಿಡಬೇಡಿ. ಒಂದೋ ಪೂರ್ತಿ ತುಂಬಿಸಿ, ಇಲ್ಲ ಖಾಲಿ ಮಾಡಿ. ನಾನು ವಾರಕ್ಕೊಮ್ಮೆ ಸಂತೆಗೆ ಓಡಿಸಿಬಿಡುತ್ತೇನೆ.

ಎಷ್ಟು ಎಥನಾಲ್ ಇದೆ ಅಂತ ಮನೆಯಲ್ಲೇ ನೋಡಬಹುದು. ಗೆರೆ ಇರುವ ಗಾಜಿನ ಅಳತೆ ಪಾತ್ರೆಗೆ 100 ಮಿಲಿ ಪೆಟ್ರೋಲ್, 10 ಮಿಲಿ ನೀರು. ಅಲ್ಲಾಡಿಸಿ ಇಡಿ. ಕೆಳಗಿನ ಪದರ 10 ಇದ್ದದ್ದು ಹತ್ತಿರ ಹತ್ತಿರ 30ಕ್ಕೆ ಏರಿದರೆ ಇ-20. ನನ್ನ ಮೊಮ್ಮಗಳಿಗೆ ಇದು ಬಹಳ ಇಷ್ಟದ ಆಟ, ದೂರದಲ್ಲಿ ಕೂರಿಸಿ ತೋರಿಸುತ್ತೇನೆ.

ಎಥನಾಲ್ ಮಾಡುವ ಮೂರನೆಯದನ್ನು ಹೇಳಲು ಕಾರ್ಬುರೇಟರ್ ಒಳಗೆ ಹೋಗಬೇಕು. ಸರಿ, ಈಗ ಅದಕ್ಕೆ ಕೈ ಹಾಕುವ ಹೊತ್ತು ಬಂತು.

ಗೋಬರ್ ಗ್ಯಾಸ್ ಒಲೆ ಇರುವವರಿಗೆ ಇದನ್ನು ಹೇಳುವುದು ಸುಲಭ. ಗಾಳಿಯ ಕಿಂಡಿ ಮುಚ್ಚಿದರೆ ಉರಿ ಹಳದಿ, ಪಾತ್ರೆ ಮಸಿ. ಜಾಸ್ತಿ ತೆರೆದರೆ ಉರಿ ಬರ್ನರ್ ಬಿಟ್ಟು ಎದ್ದು ಆರಿಹೋಗುತ್ತದೆ. ನಡುವೆ ಎಲ್ಲೋ ನೀಲಿ ಉರಿ. ಪೆಟ್ರೋಲಿಗೆ ಆ ಲೆಕ್ಕ ಒಂದು ಗ್ರಾಂಗೆ 14.7 ಗ್ರಾಂ ಗಾಳಿ. ಕಾರ್ಬುರೇಟರಿನ ಕಿರಿದಾದ ಗಂಟಲಿನಲ್ಲಿ ಗಾಳಿ ರಭಸವಾಗಿ ಹೋಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಪಕ್ಕದ ಬಟ್ಟಲಿನ ಪೆಟ್ರೋಲ್ ಜೆಟ್ಟಿನ ಮೂಲಕ ಮೇಲೇರಿ ಗಾಳಿಗೆ ಸೇರುತ್ತದೆ. ಬಟ್ಟಲಿನ ಮಟ್ಟ ಕಾಯುವುದು ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ಇರುವಂಥದ್ದೇ ಒಂದು ತೇಲು ಗುಂಡು. ಇಷ್ಟೇ ಕಾರ್ಬುರೇಟರ್. ಅದಕ್ಕೆ ಕಣ್ಣಿಲ್ಲ. ಟ್ಯಾಂಕಿನಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. 2000ದ ಆಸುಪಾಸಿನಲ್ಲಿ ಮಾರುತಿ 800ಕ್ಕೂ ಇಂಜೆಕ್ಷನ್ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಪದ್ಧತಿ) ಬಂತಲ್ಲ, ಅಂಥ ಕಾರುಗಳು ಹೊಗೆ ನೋಡಿ ಒಂದಷ್ಟು ಸರಿಮಾಡಿಕೊಳ್ಳುತ್ತವೆ. ನಮ್ಮವು ಇಲ್ಲ.

ಇ-20ಗೆ ಬೇಕಾದ ಗಾಳಿ ಸುಮಾರು 13.5 ಗ್ರಾಂ ಮಾತ್ರ. ಅಂದರೆ ಅದೇ ಗಾಳಿಗೆ ನೂರಕ್ಕೆ ಎಂಟೊಂಬತ್ತರಷ್ಟು ಹೆಚ್ಚು ಪೆಟ್ರೋಲ್ ಬೇಕು. ಕೊಡದಿದ್ದರೆ ಬೆಳಿಗ್ಗೆ ಎಬ್ಬಿಸುವುದು ಕಷ್ಟ, ಏರಿನಲ್ಲಿ ಮುಗ್ಗರಿಸುತ್ತದೆ, ಕಾರ್ಬುರೇಟರ್ ಬಾಯಲ್ಲಿ 'ಪಟ್' ಅನ್ನುತ್ತದೆ. ಸೋಲೆಕ್ಸ್ ಕಂಪನಿಯ ಕಾರ್ಬುರೇಟರಿನ ಜೆಟ್ಟಿನ ಮೇಲಿನ ಅಂಕಿ ಅದರ ತೂತಿನ ಅಳತೆ. 120 ಅಂದರೆ 1.20 ಮಿಲಿಮೀಟರ್. ಅದರ ಬದಲು 125 ಹಾಕಿದರೆ ತೂತಿನ ಅಗಲ ಕೂದಲೆಳೆಯಷ್ಟು ಹೆಚ್ಚಿತು, ಆದರೆ ವಿಸ್ತೀರ್ಣ ನೂರಕ್ಕೆ ಎಂಟೂವರೆ ಹೆಚ್ಚಿತು. ಅದಕ್ಕೇ ಹೇಳುವುದು, ಜೆಟ್ಟಿಗೆ ತಂತಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗಿನ ಲೋಹ. ಹಿಡಿಸೂಡಿ ಕಡ್ಡಿ, ಇಲ್ಲವೇ ಬರೀ ಪಂಪಿನ ಗಾಳಿ ಸಾಕು. ಹಾಗಂತ ಇವತ್ತೇ ಜೆಟ್ ಹುಡುಕಲು ಹೋಗಬೇಡಿ. ಏರಿನಲ್ಲಿ ಚೆನ್ನಾಗಿ ಓಡಿಸಿ, ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ಸುಮ್ಮನಿರಿ. ಮಸಿ ಕಪ್ಪಾದರೆ ಪೆಟ್ರೋಲ್ ಜಾಸ್ತಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಮಾತ್ರ ದೊಡ್ಡ ಜೆಟ್ ಯೋಚಿಸಿ.

ಅದಕ್ಕೂ ಮುಂಚೆ ಕಳ್ಳಗಾಳಿ ನೋಡಿ. ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್, ಥ್ರಾಟಲ್ ಕಡ್ಡಿಯ ಸವೆದ ತೂತು, ಇಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗುತ್ತದೆ. ಎಂಜಿನ್ ಐಡ್ಲಿಂಗಿನಲ್ಲಿ ಇರುವಾಗ ಆ ಜಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಬದಲಾದರೆ ಅಲ್ಲಿ ಸೋರಿಕೆ ಇದೆ. ಬುಡದ ನಟ್ ಜೋರಾಗಿ ಬಿಗಿದು ಬಿಗಿದು ಬಾಗಿಸಿದವರೇ ಹೆಚ್ಚು. ನನ್ನದೂ ಬಾಗಿತ್ತು, ಗಾಜಿನ ಮೇಲೆ ನೀರುಕಾಗದ ಹಾಸಿ ಒಂದು ಸಂಜೆ ಉಜ್ಜಿ ಸಮ ಮಾಡಿದೆ.

ಇನ್ನು ಗುರುತುಗಳು. ಚೋಕ್ ಒಳಗೆ ತಳ್ಳಿದ ಕೂಡಲೇ ಸತ್ತರೆ ಐಡಲ್ ಜೆಟ್ ಕಟ್ಟಿದೆ. ಪೆಡಲ್ ಒತ್ತಿದಾಗ ಒಂದು ಕ್ಷಣ ತಡವರಿಸಿ ಆಮೇಲೆ ಎಳೆದರೆ ಆಕ್ಸಿಲರೇಟರ್ ಪಂಪ್. ಹೊರಗೆಲ್ಲ ಪೆಟ್ರೋಲ್ ಉಕ್ಕಿದರೆ ತೇಲು ಗುಂಡಿನ ಸೂಜಿ. ಮಿಕ್ಸ್‌ಚರ್ ಸ್ಕ್ರೂ ತಿರುಗಿಸುವುದು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ. ಮೊದಲು ಮೆತ್ತಗೆ ಪೂರ್ತಿ ಒಳಗೆ ಹಾಕಿ, ಸುತ್ತು ಎಣಿಸಿ ಬರೆದಿಟ್ಟುಕೊಳ್ಳಿ, ಒಂದೂವರೆ ಸುತ್ತು ಹೊರಗೆ ತಂದು, ಅಲ್ಲಿಂದ ಕಿವಿಯಲ್ಲಿ ಕೇಳುತ್ತಾ ಕಾಲು ಸುತ್ತು ಆಚೆ ಈಚೆ. ಬಿಗಿದರೆ ಸೂಜಿ ತುದಿಯಲ್ಲಿ ಗಾಯವಾಗುತ್ತದೆ, ಆಮೇಲೆ ಅದು ಯಾವತ್ತೂ ಸರಿಯಾಗಿ ಕೇಳುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ತಾರೀಖು ಹಾಕಿ ಬರೆಯುತ್ತೇನೆ. ಐದು ತಿಂಗಳು ಒಟ್ಟೊಟ್ಟಿಗೆ ನಾಲ್ಕು ಕಡೆ ತಿರುಗಿಸಿ ಯಾವುದರಿಂದ ಏನಾಯಿತು ಅಂತ ಗೊತ್ತಾಗದೆ ಕೂತವನ ಮಾತು ಇದು.

(ಇನ್ನೊಬ್ಬರು: ಏಪ್ರಿಲ್‌ನಲ್ಲಿ ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ನನ್ನದು ನಡುದಾರಿಯಲ್ಲಿ ನಿಲ್ಲುತ್ತದೆ. ಕಾರ್ಬುರೇಟರ್ ಇರಬಹುದಾ?)

ನೋಡಿ, ಮತ್ತೆ ಅದರ ತಲೆಗೇ ಬಂತು! 14 ಹೇರ್‌ಪಿನ್ ತಿರುವು, ಫಸ್ಟ್ ಸೆಕೆಂಡ್ ಗೇರು, ಕೆಳಗಿನ ಸೆಕೆ. ಪಂಪ್ ಎಂಜಿನ್ನಿಗೇ ಅಂಟಿಕೊಂಡಿದೆ. ಅದರೊಳಗೆ ಪೆಟ್ರೋಲ್ ಕುದ್ದು ಆವಿಯಾದರೆ ಪಂಪ್ ಆವಿಯನ್ನು ಎಳೆಯಲಾರದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಕಾಯಿರಿ. ಹೊರಟಿತು ಅಂದರೆ ಕಾಯಿಲೆ ಅದೇ. ಪೆಟ್ರೋಲ್ ಹೋಸ್ ಸೈಲೆನ್ಸರ್ ಪೈಪಿಗೆ ತಾಗಿಕೊಂಡು ಹೋಗಿದೆಯಾ ನೋಡಿ, ರೇಡಿಯೇಟರ್ ತೊಳೆಸಿ, ಫ್ಯಾನ್ ಬೆಲ್ಟ್ ಬಿಗಿ ನೋಡಿ. ಬಟ್ಟೆ ಹಾಕಿದರೂ ಹೊರಡದೆ ಸಂಜೆವರೆಗೆ ನಿಂತರೆ ಕಾಯಿಲ್ ಬದಲಿಸಿ ನೋಡಿ, ಅದಕ್ಕೂ ಸೆಕೆಯಲ್ಲಿ ಕೈಕೊಡುವ ಚಾಳಿ ಇದೆ. ಮತ್ತೆ, ಮುಂದಿನ ಸಲ ನಿಂತಾಗ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು 'ಉಸ್' ಅನ್ನುತ್ತದಾ ಕೇಳಿ.

ಆಯಿತು, ಊಟದ ಹೊತ್ತಾಯಿತು. ಕಾರು ಹೊರಗೆ ಹಲಸಿನ ಮರದ ಕೆಳಗಿದೆ. ಬಾನೆಟ್ ತೆಗೆದಿಡುತ್ತೇನೆ, ಬಲ್ಬ್ ಇಟ್ಟು ಟೈಮಿಂಗ್ ನೋಡುವುದನ್ನು ಯಾರಾದರೂ ಇಬ್ಬರು ನೀವೇ ಮಾಡಿ. ಬೀಡಿ ಹಚ್ಚುವವರು ದಯವಿಟ್ಟು ಗೇಟಿನ ಆಚೆ.